ಶೋಕಕಾವ್ಯದಲ್ಲಿ ಅಗಲಿದವರ ಸ್ಥಾನ

ನಮ್ಮ ನಾಡಿನಲ್ಲಿ ಹಿರಿಯರೊಬ್ಬರು ಗತಿಸಿದರೆ, ಅವರ ಉತ್ತರಕ್ರಿಯೆಗಳು ಮುಗಿಯುವಷ್ಟರಲ್ಲಿ, ಪತ್ರಿಕೆಯ ಪುಟಗಳಲ್ಲಿಯೋ ಸಂಸ್ಮರಣ ಸಂಚಿಕೆಯಲ್ಲಿಯೋ ‘ಬಾಷ್ಪಾಂಜಲಿ’ ಎಂದೊ ‘ಅಶ್ರುತರ್ಪಣ’ ಎಂದೊ ತಲೆಬರೆಹ ಹೊತ್ತ ಪದ್ಯಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಜ್ಯೋತಿಯೊಂದು ನಂದಿತೆಂದೂ, ಹೆಮ್ಮರವೊಂದು ಉರುಳಿತೆಂದೂ, ನಾಡಿಗೆ ತುಂಬಲಾರದ ನಷ್ಟವಾಯಿತೆಂದೂ ಅವು ಸಾರುತ್ತವೆ. ಬರೆದವರ ಭಕ್ತಿಯನ್ನಾಗಲಿ ವ್ಯಥೆಯನ್ನಾಗಲಿ ನಾನು ಸಂದೇಹಿಸುವವನಲ್ಲ. ಅವರಲ್ಲಿ ಹಲವರು ಗತಿಸಿದವರ ಬಾಗಿಲಲ್ಲಿ ನಿಂತು ನಿಜವಾಗಿ ಕಣ್ಣೀರಿಟ್ಟವರೇ. ಆದರೂ ಆ ಪದ್ಯದಿಂದ ಗತಿಸಿದವರ ಹೆಸರನ್ನು ತೆಗೆದು, ಮಾತ್ರೆಯ ಲೆಕ್ಕಕ್ಕೆ ಹೊಂದುವ ಇನ್ನಾರದೋ ಹೆಸರನ್ನು ಆ ಸ್ಥಳದಲ್ಲಿರಿಸಿ ಓದಿದರೆ, ಪದ್ಯ ಒಂದಿಷ್ಟೂ ಅಲುಗದೆ ಮೊದಲಿನಂತೆಯೇ ನಿಂತಿರುತ್ತದೆ. ಒಬ್ಬ ಮನುಷ್ಯ ಎಪ್ಪತ್ತೆಂಬತ್ತು ವರ್ಷ ಈ ಭೂಮಿಯ ಮೇಲೆ ಬಾಳಿ, ತನ್ನದೇ ಆದ ಒಂದು ನಡೆ, ಒಂದು ನಗೆ, ಒಂದು ಮೊಂಡುತನವನ್ನು ಲೋಕಕ್ಕೆ ತೋರಿ ಹೋದಮೇಲೆ, ಆತನ ಹೆಸರಿನಲ್ಲಿ ಬರೆದ ಕವಿತೆಯೊಳಗೆ ಆತನಿಗೇ ಎಡೆಯಿಲ್ಲದೆ ಹೋಗುವುದು ನನಗೆ ಎರಡನೆಯ ಮರಣವೆಂದೇ ತೋರುತ್ತದೆ.

ಹೀಗೇಕಾಗುತ್ತದೆಂದು ವಿಚಾರಿಸಿದರೆ, ಬಹುಮಟ್ಟಿಗೆ ಕಾರಣ ಒಂದೇ. ಬರೆಯುವವನು ಆ ಹೊತ್ತಿನಲ್ಲಿ ನೋಡುತ್ತಿರುವುದು ತನ್ನ ಎದೆಯನ್ನು. ಅಲ್ಲಿ ಆದ ಗಾಯದ ಆಳವನ್ನು ಹೇಳಿದರೆ ಅಗಲಿದವರ ದೊಡ್ಡತನವನ್ನು ಹೇಳಿದಂತಾಯಿತೆಂದು ಆತ ಭಾವಿಸುತ್ತಾನೆ. ಆದರೆ ದುಃಖವೆಂಬುದು ಎಲ್ಲರಲ್ಲಿಯೂ ಹೆಚ್ಚುಕಡಮೆ ಒಂದೇ ಮುಖದ್ದು. ಊಟ ಸೇರುವುದಿಲ್ಲ, ನಿದ್ದೆ ಬಾರದು, ಎದೆಯಲ್ಲಿ ಭಾರವಾಗುತ್ತದೆ, ಮನೆ ಬಿಕೋ ಎನ್ನುತ್ತದೆ: ಅರಸನಿಗೂ ಆಳಿಗೂ ಇದರಲ್ಲಿ ಭೇದವಿಲ್ಲ. ಭೇದವಿರುವುದು ಕಳೆದುಹೋದವರಲ್ಲಿ. ಆದುದರಿಂದ ಯಾವನು ತನ್ನ ದುಃಖವನ್ನು ಮಾತ್ರ ವರ್ಣಿಸುವನೋ ಆತ ತನಗೆ ತಿಳಿಯದೆಯೇ ಎಲ್ಲರಿಗೂ ಹೊಂದುವ ಪದ್ಯವನ್ನು, ಎಂದರೆ ಯಾರಿಗೂ ಸೇರದ ಪದ್ಯವನ್ನು, ಬರೆದುಬಿಡುತ್ತಾನೆ. ಶೋಕಕಾವ್ಯದ ವಿಷಯ ಅಗಲಿದವರೇ ಹೊರತು ಅಳುವವನಲ್ಲವೆಂಬುದನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಕೇಳಲು ಇದು ಸುಲಭವಾದ ಮಾತು; ಒಪ್ಪುವ ಮೊದಲು ಎದುರಾಗುವ ಆಕ್ಷೇಪಗಳು ಮಾತ್ರ ಸಾಮಾನ್ಯವಲ್ಲ.

ಮೊದಲನೆಯ ಆಕ್ಷೇಪ ಕವಿತೆಯ ಬುಡಕ್ಕೇ ಕೊಡಲಿ ಹಾಕುವಂಥದು. ನಿಜವಾಗಿ ದುಃಖಿತನಾದವನಿಗೆ ಪ್ರಾಸವನ್ನು ಹುಡುಕುವ ವ್ಯವಧಾನವೆಲ್ಲಿಂದ ಬಂದೀತು, ಮಗುವಿನ ಹೆಣವನ್ನು ಮುಂದಿಟ್ಟುಕೊಂಡು ಗಣವಿಂಗಡಿಸುವವನ ಎದೆ ಎಂಥದಾಗಿರಬೇಕು, ಎಂಬ ಪ್ರಶ್ನೆ ಅದು. ಇಂಗ್ಲೆಂಡಿನ ಡಾಕ್ಟರ್ ಜಾನ್ಸನ್ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ದೇಶದ ಕವಿಗಳ ಚರಿತ್ರೆಗಳನ್ನು ಬರೆಯುತ್ತ, ಮಿಲ್ಟನ್ನನ ‘ಲಿಸಿಡಸ್’ ಕವನದ ಮೇಲೆ ಇದೇ ದೋಷವನ್ನು ಹೊರಿಸಿದನು. ಕೇಂಬ್ರಿಜ್ಜಿನಲ್ಲಿ ಮಿಲ್ಟನ್ನನ ಜೊತೆಗಾರನಾಗಿದ್ದ ಎಡ್ವರ್ಡ್ ಕಿಂಗ್ ಎಂಬ ತರುಣನು 1637ರಲ್ಲಿ ಐರಿಷ್ ಸಮುದ್ರದಲ್ಲಿ ಹಡಗು ಒಡೆದು ಮುಳುಗಿಹೋದಾಗ, ಆತನ ಮಿತ್ರರೆಲ್ಲ ಕೂಡಿ ಮರುವರ್ಷ ಒಂದು ಸಂಸ್ಮರಣ ಸಂಪುಟವನ್ನು ಹೊರತಂದರು. ‘ಲಿಸಿಡಸ್’ ಅಚ್ಚಾದುದು ಅದರಲ್ಲಿ. ಕವಿಯೂ ಗತಿಸಿದವನೂ ಅಲ್ಲಿ ಕುರಿಕಾಯುವ ಹುಡುಗರಾಗಿದ್ದಾರೆ. ವನದೇವತೆಗಳೂ ಜಲದೇವತೆಗಳೂ ಬಂದು ಹೋಗುತ್ತಾರೆ. ದುಃಖವು ನಿಜವಾಗಿದ್ದರೆ ಇಷ್ಟೊಂದು ಕಟ್ಟುಕಥೆಗೆ ಅವಕಾಶವಿರುತ್ತಿರಲಿಲ್ಲವೆಂಬುದು ಜಾನ್ಸನ್ನನ ತೀರ್ಪಿನ ಸಾರ. ನಮ್ಮಲ್ಲಿಯೂ ಸಹೃದಯರನೇಕರು ಇದೇ ಮಾತನ್ನು ಬೇರೆ ರೀತಿಯಲ್ಲಿ ಆಡುತ್ತಾರೆ. ‘ಅಳುವವನಿಗೆ ರಾಗವೇಕೆ?’ ಎನ್ನುತ್ತಾರೆ.

ಅಳುವವನಿಗೆ ರಾಗ ಬೇಕೇಬೇಕೆಂಬುದನ್ನು ಕಾವ್ಯಮೀಮಾಂಸೆಯನ್ನು ಓದಿಯೇ ತಿಳಿಯಬೇಕಾಗಿಲ್ಲ. ನಮ್ಮ ಉತ್ತರದ ಸೀಮೆಯ ಯಾವ ಹಳ್ಳಿಯಲ್ಲಾದರೂ ಸಾವಿನ ಮನೆಯ ಅಂಗಳದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಲ್ಲಿಯ ಹೆಂಗಸರು ಅಳುವುದಿಲ್ಲ, ‘ಹಾಡ್ಯಾಡಿ ಅಳು’ತ್ತಾರೆ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಹಾಗೆ ಅಳುವುದನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಆಕೆ ಮುಂದೆ ಕುಳಿತು, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಪ್ರತಿಯೊಂದು ಸಾಲಿನ ಕೊನೆಯನ್ನೂ ಒಂದೇ ಬಗೆಯಲ್ಲಿ ಎಳೆದು ಇಳಿಸುತ್ತ ಹಾಡುತ್ತಿದ್ದಳು. ಎಡಗೋಲಿನ ಎತ್ತು ಆತನ ಕೈಯನ್ನಲ್ಲದೆ ಬೇರೊಂದು ಕೈಯನ್ನು ಮುಟ್ಟಗೊಡುವುದಿಲ್ಲವೆಂದಳು. ಹೊಸೆಯಲಿಕ್ಕೆ ನೆನೆಯಿಟ್ಟ ಪುಂಡಿ ನಾರು ಹಾಗೆಯೇ ನೀರಿನಲ್ಲಿದೆಯೆಂದಳು. ಸಂತೆಯಲ್ಲಿ ಜಗಳಾಡಿ ಬೆಲೆಯಿಳಿಸಿ ತಂದ ಹೊಸ ಕೆರ ಇನ್ನೂ ಕಾಲಿಗೆ ಪಳಗಿರಲಿಲ್ಲವೆಂದಳು. ‘ನನಗೆ ದುಃಖವಾಗಿದೆ’ ಎಂಬ ಮಾತು ಆ ಇಡೀ ಹಾಡಿನಲ್ಲಿ ಒಮ್ಮೆಯೂ ಬರಲಿಲ್ಲ. ನೆರೆದವರಲ್ಲಿ ಕಣ್ಣು ಒರಸಿಕೊಳ್ಳದವರೂ ಇರಲಿಲ್ಲ. ರಾಗವೂ ಸಾಲಿನ ಏರಿಳಿತವೂ ಅವಳ ಅಳುವನ್ನು ಕೃತಕಗೊಳಿಸಲಿಲ್ಲ. ಅವು ಇಲ್ಲದಿದ್ದರೆ ಅವಳ ಬಾಯಿಂದ ಬರಿಯ ಚೀತ್ಕಾರ ಹೊರಡುತ್ತಿತ್ತು, ಆ ನಾರೂ ಆ ಕೆರವೂ ಎಂದಿಗೂ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ಮರಣವೊದಗಿದ ಮನೆಯಲ್ಲಿ ಮನುಷ್ಯನು ಎಲ್ಲೆಲ್ಲಿಯೂ ಕ್ರಮವನ್ನೇ ಅರಸುತ್ತಾನೆಂಬುದನ್ನು ನಾವು ಗಮನಿಸಬೇಕು. ಇಷ್ಟು ದಿನದ ಸೂತಕ, ಇಷ್ಟನೆಯ ದಿನ ಇಂಥ ಕರ್ಮ, ಇಷ್ಟು ಪಿಂಡ, ಎಳ್ಳು ಯಾವ ಬೆರಳ ಸಂದಿನಿಂದ ಬೀಳಬೇಕು, ಯಜ್ಞೋಪವೀತ ಯಾವ ಹೆಗಲ ಮೇಲಿರಬೇಕು ಎಂಬ ಕಟ್ಟಳೆಗಳನ್ನು ಪೂರ್ವಜರು ನಿರ್ಮಿಸಿದುದು ದುಃಖದ ಅರಿವಿಲ್ಲದವರಾಗಿ ಅಲ್ಲ. ಆಧಾರ ತಪ್ಪಿದ ಮನಸ್ಸಿಗೆ ಮುಂದಿನ ಒಂದು ಗಳಿಗೆ ಕೈ ಏನು ಮಾಡಬೇಕೆಂಬುದನ್ನಾದರೂ ಗೊತ್ತುಪಡಿಸಿಕೊಡಬೇಕಾಗುತ್ತದೆ. ಛಂದಸ್ಸು ಮಾಡುವ ಉಪಕಾರವೂ ಅಂಥದೇ. ತರ್ಪಣದ ನೀರನ್ನು ಲೆಕ್ಕವಿಟ್ಟು ಬಿಡುವ ಮಗನನ್ನು ಕಲ್ಲೆದೆಯವನೆಂದು ಯಾರೂ ಹಳಿಯುವುದಿಲ್ಲವಾದರೆ, ಮಾತ್ರೆಯನ್ನು ಲೆಕ್ಕವಿಟ್ಟು ತಂದೆಯನ್ನು ನೆನೆಯುವ ಕವಿಯನ್ನೇಕೆ ಹಳಿಯಬೇಕು?

ಜಾನ್ಸನ್ನನ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ಇದರಿಂದ ತಿಳಿಯಲಾಗದು. ಸತ್ಯ ಬೇರೊಂದು ಕಡೆ ಇದೆ. ‘ಲಿಸಿಡಸ್’ ಇಂಗ್ಲಿಷ್ ಭಾಷೆಯ ಅತ್ಯುತ್ತಮ ಕವಿತೆಗಳಲ್ಲೊಂದು, ಅದರ ನಾದಕ್ಕೆ ಎಣೆಯಿಲ್ಲ. ಆದರೆ ಅದನ್ನು ಕೊನೆಯವರೆಗೆ ಓದಿದವನಿಗೂ ಎಡ್ವರ್ಡ್ ಕಿಂಗ್ ಎಂಥವನಾಗಿದ್ದನೆಂಬುದು ಗೊತ್ತಾಗುವುದಿಲ್ಲ. ಕೀರ್ತಿಯೆಂದರೇನು, ತಪಸ್ಸಿನಂಥ ಕಾವ್ಯಪರಿಶ್ರಮಕ್ಕೆ ಅಕಾಲಮರಣ ಅಡ್ಡಬಂದರೆ ಗತಿಯೇನು, ಧರ್ಮಪೀಠಗಳಲ್ಲಿ ಅಯೋಗ್ಯರು ಏಕೆ ಕುಳಿತಿದ್ದಾರೆ ಎಂಬ ಮಿಲ್ಟನ್ನನ ಸ್ವಂತ ಚಿಂತೆಗಳೇ ಅಲ್ಲಿ ತುಂಬಿವೆ. ಕೊರತೆ ಕುರಿಕಾಯುವ ವೇಷದ್ದಲ್ಲ. ಮುಳುಗಿದವನು ಆ ಕವಿತೆಯಲ್ಲಿಯೂ ಕಾಣದೆ ಹೋದುದೇ ಕೊರತೆ. ಇದಕ್ಕೆ ಪ್ರತಿಯಾಗಿ ಟೆನಿಸನ್ನನ ‘ಇನ್ ಮೆಮೋರಿಯಮ್’ ಅನ್ನು ನೋಡೋಣ. ಆತನ ಪ್ರಾಣಮಿತ್ರ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡನು. ಟೆನಿಸನ್ ಅಂದಿನಿಂದ ಬಿಡಿಬಿಡಿಯಾಗಿ ಬರೆಯುತ್ತ ಬಂದ ಪದ್ಯಗಳು 1850ರಲ್ಲಿ ಪುಸ್ತಕವಾದವು. ದೇವರು, ಪ್ರಕೃತಿ, ವಿಜ್ಞಾನ ಎಂಬ ದೊಡ್ಡ ಜಿಜ್ಞಾಸೆಗಳು ಅದರಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟೋ ಇಂದು ಸಪ್ಪೆಯಾಗಿವೆಯೆಂದೇ ನನ್ನ ಭಾವನೆ. ಸಪ್ಪೆಯಾಗದೆ ಉಳಿದಿರುವುದು, ನಿದ್ದೆಯಿಲ್ಲದ ಕವಿ ಬೆಳಗಿನ ಜಾವ ಲಂಡನ್ನಿನ ಒಂದು ಬೀದಿಗೆ ಹೋಗಿ, ಗೆಳೆಯನಿದ್ದ ಮನೆಯ ಬಾಗಿಲ ಮುಂದೆ ಅಪರಾಧಿಯಂತೆ ನಿಂತುಕೊಳ್ಳುವ ಆ ಚಿಕ್ಕ ಭಾಗ. ಹಿಂದೆ ಆ ಬಾಗಿಲು ತೆರೆದು ಕೈಯೊಂದು ಚಾಚುತ್ತಿತ್ತು. ವಾದವಲ್ಲ, ಆ ಬಾಗಿಲು ಹ್ಯಾಲಮ್ಮನನ್ನು ನಮಗೆ ಉಳಿಸಿಕೊಟ್ಟಿದೆ. ಪತ್ನಿ ಮೃಣಾಲಿನೀದೇವಿಯವರು 1902ರಲ್ಲಿ ತೀರಿಕೊಂಡ ಬಳಿಕ ರವೀಂದ್ರರು ಬರೆದ ‘ಸ್ಮರಣ’ದ ಕವಿತೆಗಳಲ್ಲಿಯೂ, ಆಕೆ ಯಾರ ಕಣ್ಣಿಗೂ ಬೀಳದಂತೆ ಜತನವಾಗಿ ಇರಿಸಿಕೊಂಡಿದ್ದ ಕೆಲವು ಹಳೆಯ ಪತ್ರಗಳು ಪತಿಯ ಕೈಗೆ ಸಿಗುವ ಕವಿತೆಯೇ ಮನಸ್ಸನ್ನು ಹಿಡಿಯುತ್ತದೆ.

ಆದರೆ ಈ ರಹಸ್ಯವನ್ನು ಇವರೆಲ್ಲರಿಗಿಂತ ಮೊದಲು, ಇವರೆಲ್ಲರಿಗಿಂತ ಚೆನ್ನಾಗಿ ಅರಿತಿದ್ದವನು ಕಾಳಿದಾಸ. ರಘುವಂಶದ ಎಂಟನೆಯ ಸರ್ಗದಲ್ಲಿ ಅಜಮಹಾರಾಜನು ಇಂದುಮತಿಯೊಡನೆ ಉದ್ಯಾನದಲ್ಲಿ ವಿಹರಿಸುತ್ತಿರುವಾಗ, ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ನಾರದನ ವೀಣೆಯ ತುದಿಯಿಂದ ದಿವ್ಯಪುಷ್ಪಗಳ ಮಾಲೆಯೊಂದು ಜಾರಿ ಆಕೆಯ ಎದೆಯ ಮೇಲೆ ಬೀಳುತ್ತದೆ. ಆಕೆ ಆ ಕ್ಷಣದಲ್ಲಿಯೇ ಪ್ರಾಣ ಬಿಡುತ್ತಾಳೆ. ಅಜನ ವಿಲಾಪ ಅಲ್ಲಿಂದ ಆರಂಭ. ಆತ ಚಕ್ರವರ್ತಿ, ಜಗತ್ತೇ ಶೂನ್ಯವಾಯಿತೆಂದು ಹೇಳಿ ಮುಗಿಸಬಹುದಾಗಿತ್ತು, ಅಂಥ ಮಾತೂ ಅವನ ಬಾಯಲ್ಲಿ ಬರುವುದುಂಟು. ಆದರೆ ಕವಿಯು ಆತನ ಕಣ್ಣನ್ನು ಮೆಲ್ಲನೆ ತೋಟದ ಕಡೆಗೆ ಹೊರಳಿಸುತ್ತಾನೆ. ಅಲ್ಲಿ ಒಂದು ಮಾವಿನ ಮರವೂ ಒಂದು ಪ್ರಿಯಂಗು ಬಳ್ಳಿಯೂ ಇವೆ. ಅವೆರಡಕ್ಕೂ ಮದುವೆ ಮಾಡಬೇಕೆಂದು ಇಂದುಮತಿ ನಿಶ್ಚಯಿಸಿದ್ದಳು, ಅದನ್ನು ನೆರವೇರಿಸದೆ ಹೊರಟುಹೋದಳು. ಆಕೆಯ ಪಾದದ ಒದೆತದಿಂದ ದೋಹದ ಪಡೆದ ಅಶೋಕವೊಂದಿದೆ. ಅದು ನಾಳೆ ಹೂ ಬಿಟ್ಟಾಗ, ಆಕೆಯ ಮುಂಗುರುಳಿಗೆ ಏರಬೇಕಾದ ಹೂವನ್ನು ತರ್ಪಣದ ಮಾಲೆಗೆ ಹೇಗೆ ತಾನೆ ಪೋಣಿಸಲಿ ಎಂದು ಅಜ ಕೇಳುತ್ತಾನೆ. ಇಬ್ಬರೂ ಕೂಡಿ ಕಟ್ಟುತ್ತಿದ್ದ ಬಕುಲಪುಷ್ಪದ ಒಡ್ಯಾಣವೊಂದು ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸದೆ ಮಲಗಿಬಿಟ್ಟೆಯಲ್ಲ, ಇದೆಂಥ ನಿದ್ದೆ ಎನ್ನುತ್ತಾನೆ. ಮರಣವೆಂಬುದರ ಸ್ವರೂಪವನ್ನು ಇದಕ್ಕಿಂತ ಖಚಿತವಾಗಿ ಹೇಳಿದ ಕವಿಯನ್ನು ನಾನು ಕಂಡಿಲ್ಲ. ಸಾವು ಬರುವುದು ಯಾವಾಗಲೂ ಯಾವುದೋ ಒಂದು ಕೆಲಸದ ನಡುವೆ. ಉಳಿದವರನ್ನು ಇರಿಯುವುದು ಆ ಅರ್ಧವಾದ ಕೆಲಸ.

ಇಲ್ಲಿಯ ವೃತ್ತವನ್ನೂ ಕಿವಿಗೊಟ್ಟು ಕೇಳಬೇಕು. ಅಜನ ವಿಲಾಪಕ್ಕೂ ಕುಮಾರಸಂಭವದ ನಾಲ್ಕನೆಯ ಸರ್ಗದ ರತಿಯ ವಿಲಾಪಕ್ಕೂ ಕಾಳಿದಾಸ ಆರಿಸಿಕೊಂಡುದು ವಿಯೋಗಿನೀ ಎಂಬ ವೈತಾಲೀಯ ಜಾತಿಯ ವೃತ್ತವನ್ನು. ಅದರ ವಿಷಮ ಪಾದಗಳಲ್ಲಿ 10 ಅಕ್ಷರ, ಸಮ ಪಾದಗಳಲ್ಲಿ 11. ನಾಲ್ಕು ಪಾದಗಳೂ ಎರಡು ಲಘುಗಳಿಂದ ಹಗುರವಾಗಿ ಹೊರಡುತ್ತವೆ. ಬೆಸಪಾದ ಅದೇ ಲಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸಮಪಾದದಲ್ಲಿ ಮಾತ್ರ ಮೂರನೆಯ ಮತ್ತು ನಾಲ್ಕನೆಯ ಅಕ್ಷರಗಳೆರಡೂ ಗುರುಗಳಾಗಿ ಒಂದನ್ನೊಂದು ತಾಕಿ, ಓಡಿ ಬಂದ ಉಸಿರು ಅಲ್ಲಿ ಗಂಟಲಲ್ಲಿ ತಡೆದು ನಿಲ್ಲುತ್ತದೆ. ಪದ್ಯದಿಂದ ಪದ್ಯಕ್ಕೆ ಆ ತಡೆ ತಪ್ಪದೆ ಬರುತ್ತದೆ. ಬಿಕ್ಕಳಿಕೆಯನ್ನು ಕವಿ ಶಬ್ದದಿಂದ ಹೇಳಲಿಲ್ಲ, ಗಣದಲ್ಲಿ ಇರಿಸಿದನು. ಗಣವಿಂಗಡಣೆ ದುಃಖಕ್ಕೆ ಹೊರಗಿನದೆನ್ನುವವರು ಈ ಸರ್ಗವನ್ನು ಗಟ್ಟಿಯಾಗಿ ಓದಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಎರಡನೆಯ ಆಕ್ಷೇಪ ನಮ್ಮ ಆಲಂಕಾರಿಕರ ಕಡೆಯಿಂದಲೇ ಬರುವಂಥದು, ಆದುದರಿಂದ ಹೆಚ್ಚು ಗೌರವಕ್ಕೆ ಅರ್ಹವಾದುದು. ರಸಾನುಭವಕ್ಕೆ ಸಾಧಾರಣೀಕರಣ ಅವಶ್ಯಕವೆಂದು ಭಟ್ಟನಾಯಕನು ಪ್ರತಿಪಾದಿಸಿದನು. ಅಭಿನವಗುಪ್ತನು ಅದನ್ನು ತನ್ನ ರೀತಿಯಲ್ಲಿ ಅಂಗೀಕರಿಸಿ ಬೆಳೆಸಿದನು. ರಂಗದ ಮೇಲಣ ಶೋಕ ಇಂಥವನದು, ಇಂಥ ಕಾಲದ್ದು ಎಂಬ ಗಡಿಗಳು ಕಳಚಿ ಬಿದ್ದಾಗಲೇ ಅದು ಕರುಣರಸವಾಗುವುದು. ಹಾಗಿರುವಾಗ ಅಗಲಿದವರ ಸ್ವಂತ ವಿಶೇಷಗಳನ್ನು, ಅವರ ಕೆರವನ್ನೂ ಮುಂಗುರುಳನ್ನೂ, ಕವಿತೆಯೊಳಕ್ಕೆ ತರುವುದರಿಂದ ಆ ಗಡಿಗಳನ್ನು ಇನ್ನಷ್ಟು ಬಿಗಿದಂತೆ ಆಗಲಿಲ್ಲವೆ? ನಂದಿದ ಜ್ಯೋತಿ, ಉರುಳಿದ ಮರ ಎಂಬ ಸಾಮಾನ್ಯೋಕ್ತಿಗಳೇ ಸಾಧಾರಣೀಕರಣಕ್ಕೆ ಅನುಕೂಲವಲ್ಲವೆ?

ಇದಕ್ಕೆ ಉತ್ತರವನ್ನು ಅಭಿನವಗುಪ್ತನ ಉದಾಹರಣೆಯೇ ಕೊಡುತ್ತದೆ. ಭಯವು ದೇಶಕಾಲಗಳ ಕಟ್ಟಿನಿಂದ ಬಿಡುಗಡೆಗೊಂಡು ಸಹೃದಯನ ಎದೆಯಲ್ಲಿ ಭಯಾನಕರಸವಾಗುವ ಬಗೆಯನ್ನು ವಿವರಿಸುವಾಗ ಆತ ಎತ್ತಿಕೊಂಡುದು ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯ ಪದ್ಯವನ್ನು. ಆ ಪದ್ಯದಲ್ಲಿ ಸಾಮಾನ್ಯೋಕ್ತಿ ಎಂಬುದು ಒಂದಾದರೂ ಉಂಟೆ? ಆ ಜಿಂಕೆ ಕೊರಳನ್ನು ಹೊರಳಿಸಿ ರಥವನ್ನು ಮತ್ತೆ ಮತ್ತೆ ನೋಡುತ್ತದೆ. ಬಾಣ ತಾಗೀತೆಂದು ಹಿಂಬದಿಯನ್ನು ಮುಂಬದಿಯೊಳಕ್ಕೆ ಸೆಳೆದುಕೊಂಡಿದೆ. ದಣಿದು ತೆರೆದ ಬಾಯಿಂದ ಅರೆ ಜಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಒಂದು ನಿರ್ದಿಷ್ಟ ಜಿಂಕೆಯನ್ನು ಇಷ್ಟು ಸಮೀಪದಿಂದ ಕಂಡುದರಿಂದಲೇ ಅದರ ಭಯ ಎಲ್ಲರ ಭಯವಾಯಿತು. ಸಾಧಾರಣೀಕರಣ ನಡೆಯತಕ್ಕುದು ಓದುವವನ ಹೃದಯದಲ್ಲಿ. ಕವಿ ಅದನ್ನು ತಾನೇ ಮೊದಲು ಮಾಡಿ ಮುಗಿಸಿ, ವಿಶೇಷಗಳನ್ನೆಲ್ಲ ತೊಳೆದು ಬಡಿಸಿದರೆ ಓದುಗನಿಗೆ ಮಾಡಲು ಏನೂ ಉಳಿಯುವುದಿಲ್ಲ. ಬಕುಲದ ಒಡ್ಯಾಣವನ್ನು ನಮ್ಮಲ್ಲಿ ಯಾರೂ ಕಟ್ಟಿದವರಲ್ಲ. ಆದರೂ ಆ ಪದ್ಯವನ್ನು ಓದುವಾಗ ಒಬ್ಬನಿಗೆ ತಾಯಿ ಅರ್ಧಕ್ಕೆ ನಿಲ್ಲಿಸಿಹೋದ ಕೌದಿ ನೆನಪಾಗುತ್ತದೆ, ಇನ್ನೊಬ್ಬನಿಗೆ ತಂದೆ ಗುರುತಿಗೆ ಹುಲ್ಲುಕಡ್ಡಿಯಿಟ್ಟು ಮಡಿಸಿದ ಭಾರತದ ಪುಟ.

ಒಂದು ಎಚ್ಚರಿಕೆಯನ್ನೂ ಆಲಂಕಾರಿಕರಿಂದಲೇ ಪಡೆಯಬಹುದು. ಪುಷ್ಟಿಗೊಂಡ ರಸವನ್ನು ಮತ್ತೆ ಮತ್ತೆ ಕೆದಕಿ ಉರಿಸುವುದು ದೋಷವೆಂದು ಆನಂದವರ್ಧನನು ಹೇಳಿದನು; ಮಮ್ಮಟನು ಕಾವ್ಯಪ್ರಕಾಶದಲ್ಲಿ ಆ ದೋಷಕ್ಕೆ ಲಕ್ಷ್ಯವಾಗಿ ಕಾಳಿದಾಸನ ರತಿವಿಲಾಪವನ್ನೇ ತೋರಿಸುವ ಧೈರ್ಯ ಮಾಡಿದನು. ರತಿಯ ಮಾತುಗಳಲ್ಲಿ ನನಗೆ ಅಷ್ಟು ದೊಡ್ಡ ತಪ್ಪೇನೂ ಕಾಣದು. ಆದರೆ ಶೋಕಗೀತಗಳನ್ನು ಮಾಲೆ ಮಾಲೆಯಾಗಿ ಬರೆಯುವವರಿಗೆ ಆ ತೀರ್ಪು ನೆನಪಿನಲ್ಲಿರುವುದು ಒಳ್ಳೆಯದು. ಟೆನಿಸನ್ನನ 131 ಭಾಗಗಳು ಏಕೆ ಬೇಸರ ತರುವುದಿಲ್ಲವೆಂದರೆ, ಅವುಗಳೊಳಗೆ ಕಾಲ ಸರಿಯುತ್ತಿರುತ್ತದೆ. ಮೂರು ಕ್ರಿಸ್‍ಮಸ್ ಹಬ್ಬಗಳು ಬಂದು ಹೋಗುತ್ತವೆ. ಹುಟ್ಟಿದ ಮನೆಯನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕಾಗುತ್ತದೆ. ಮೂರನೆಯ ಹಬ್ಬದ ಗಂಟೆ ಪರಿಚಯವಿಲ್ಲದ ಗೋಪುರದಿಂದ ಕೇಳಿಸುತ್ತದೆ. ದುಃಖ ಅದೇ, ಸುತ್ತಣ ಲೋಕ ಮಾತ್ರ ಅದೇ ಅಲ್ಲ.

ಕನ್ನಡದಲ್ಲಿ ಈ ಕಲೆಯ ಶಿಖರವನ್ನು ನಾನು ಕಾಣುವುದು ರನ್ನನ ಗದಾಯುದ್ಧದಲ್ಲಿ. ಸಂಜಯನ ಹೆಗಲನ್ನು ಊರಿಕೊಂಡು ದುರ್ಯೋಧನನು ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಃಶಾಸನ, ಕರ್ಣ, ಒಬ್ಬೊಬ್ಬರನ್ನಾಗಿ ಕಂಡು ನಿಲ್ಲುತ್ತಾನೆ. ಒಬ್ಬನ ಮುಂದೆ ಆಡಿದ ಮಾತನ್ನು ಇನ್ನೊಬ್ಬನ ಮುಂದೆ ಆಡಲು ಬಾರದಂತೆ ರನ್ನನು ಬರೆದಿದ್ದಾನೆಂಬುದೇ ಅಲ್ಲಿಯ ಮಹಿಮೆ. ಮಗನು ತಂದೆಗೆ ಜಲಾಂಜಲಿ ಕೊಡುವುದು ಲೋಕದ ರೀತಿ, ಅದು ತಿರುವುಮುರುವಾಯಿತಲ್ಲ ಎಂಬ ವ್ಯಥೆ ಲಕ್ಷಣನ ಮುಂದೆ. ತಮ್ಮನ ಮುಂದೆಯಾದರೆ ಬೇರೊಂದು ಲೆಕ್ಕ: ತಾಯಿಯ ಮೊಲೆವಾಲನ್ನು ಮೊದಲು ಅಣ್ಣ ಉಂಡ, ಬಳಿಕ ತಮ್ಮ ಉಂಡ, ಅನಂತರದ ಭೋಗಗಳೆಲ್ಲವೂ ಅದೇ ಸರತಿಯಲ್ಲಿ ಬಂದವು, ಸಾವಿನಲ್ಲಿ ಮಾತ್ರ ತಮ್ಮ ಮುಂದಾಗಿಬಿಟ್ಟ. ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಬೆಳೆದ ಯಾವನೂ ಈ ಸರತಿಯ ಮಾತನ್ನು ಕೇಳಿ ಸುಮ್ಮನಿರಲಾರ. ಇನ್ನು ಅಭಿಮನ್ಯು ಶತ್ರುವಿನ ಮಗ. ಆತನ ಶೌರ್ಯಕ್ಕೆ ದುರ್ಯೋಧನ ಕೈಮುಗಿಯುತ್ತಾನೆ, ತನಗೂ ಅಂಥ ಮರಣ ದೊರೆಯಲೆಂದು ಬೇಡಿಕೊಳ್ಳುತ್ತಾನೆ. ಆ ನಡಿಗೆಯ ಕೊನೆಯಲ್ಲಿ ನಾವು ಸತ್ತವರೆಲ್ಲರನ್ನೂ ಅರಿತಿರುತ್ತೇವೆ. ಅವರ ಮೂಲಕ, ತನ್ನನ್ನು ಕುರಿತು ಹೆಚ್ಚೇನೂ ಹೇಳಿಕೊಳ್ಳದ ದುರ್ಯೋಧನನನ್ನೂ. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು ಕಡೆದು ನಿಲ್ಲಿಸಿ, ದುರ್ಯೋಧನನಲ್ಲಿ ರುದ್ರನಾಟಕದ ನಾಯಕನನ್ನು ಕಂಡುದು ಆಕಸ್ಮಿಕವಲ್ಲ.

ನನ್ನ ವಾದಕ್ಕೆ ಅಡ್ಡಬರುವ ಒಂದು ಕವಿತೆ ಕನ್ನಡದಲ್ಲಿದೆ. ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಾಗದು. ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡ ತಂದೆ. 1938ರ ‘ನಾದಲೀಲೆ’ಯಲ್ಲಿ ಸೇರಿದ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆ, ಕೈಬಿಟ್ಟುಹೋಗುತ್ತಿರುವ ಮಗುವಿನ ಬಳಿ ಕುಳಿತ ಗಂಡ ಹೆಂಡತಿಗೆ ಹೇಳುವ ಮಾತು, ಧಾರವಾಡದ ಆಡುನುಡಿಯಲ್ಲಿ. ಆ ಕವಿತೆಯಲ್ಲಿ ಮಗುವಿನ ವರ್ಣನೆಯೇ ಇಲ್ಲ! ಮಗುವಿನ ಆಟವಿಲ್ಲ, ತೊದಲಿಲ್ಲ, ಅಂಗಿ ಕುಲಾವಿಗಳಿಲ್ಲ. ಅಗಲಿದವರೇ ವಿಷಯವೆಂಬ ನಿಯಮ ಇಲ್ಲಿ ಮುರಿಯಿತೆ?

ನಾನು ಬಹುಕಾಲ ಇದನ್ನು ಕುರಿತು ಚಿಂತಿಸಿದ್ದೇನೆ. ಮಗುವಿನ ಕಡೆ ನೋಡಲಾರದ ತಂದೆ ಅಲ್ಲಿ ತನ್ನೊಳಗೂ ನೋಡಿಕೊಳ್ಳುತ್ತಿಲ್ಲ. ಹೆಂಡತಿಯ ಮುಖವನ್ನು ನೋಡುತ್ತಿದ್ದಾನೆ. ಬಣ್ಣಗೆಟ್ಟ ತುಟಿ, ರೆಪ್ಪೆ ಬಡಿಯದ ಕಣ್ಣು, ಒಳಗೇ ಹಿಡಿದ ಬಿಕ್ಕು, ಎಲ್ಲವೂ ಅವಳವು. ಆ ಕಣ್ಣುಗಳು ಏನನ್ನು ಕಂಡು ಹಾಗಾಗಿವೆಯೋ ಅದನ್ನು ಹೇಳುವ ಅಗತ್ಯವೇ ಉಳಿಯುವುದಿಲ್ಲ. ಮಗು ಆ ನೋಟದಲ್ಲಿ ಇಡಿಯಾಗಿ ಇದೆ. ಎಂದಮೇಲೆ ನಿಯಮವನ್ನು ಇನ್ನೂ ಸ್ವಲ್ಪ ವಿಶಾಲವಾಗಿ ಹೇಳಬೇಕಾಗುತ್ತದೆ: ಶೋಕವನ್ನು ಬರೆಯುವವನ ದೃಷ್ಟಿ ತನ್ನಿಂದ ಹೊರಕ್ಕೆ, ಆ ಮರಣ ಮುಟ್ಟಿದ ಮತ್ತೊಬ್ಬರ ಅಥವಾ ಮತ್ತೊಂದರ ಕಡೆಗೆ ತಿರುಗಿರಬೇಕು. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಭವಭೂತಿಯ ರಾಮನು ಸೀತೆ ಸಾಕಿದ ಆನೆಮರಿಯನ್ನೂ ನವಿಲನ್ನೂ ಕಂಡು ಕರಗುವುದು ಇದಕ್ಕೇ. ಆದಿಕವಿಯ ಕಥೆಯೂ ಇದನ್ನೇ ಹೇಳುತ್ತದೆ. ತಮಸಾತೀರದಲ್ಲಿ ವಾಲ್ಮೀಕಿಯ ಕರುಣೆಯನ್ನು ಕೆರಳಿಸಿದುದು ರಕ್ತದಲ್ಲಿ ಹೊರಳುವ ಗಂಡುಹಕ್ಕಿಯೊಂದೇ ಅಲ್ಲ, ಅದನ್ನು ಕಂಡು ಕೂಗಿಕೊಂಡ ಹೆಣ್ಣುಹಕ್ಕಿಯ ದನಿ. ಅಲ್ಲಿಯ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಅಭಿನವಗುಪ್ತನು ಲೋಚನದಲ್ಲಿ ಬಿಡಿಸಿ ಹೇಳುತ್ತಾನೆ. ಆ ದುಃಖದಿಂದ ಮುನಿಯೇ ಪೀಡಿತನಾಗಿದ್ದರೆ ಅದು ಕಾವ್ಯಕ್ಕೆ ಆತ್ಮವಾಗುತ್ತಿರಲಿಲ್ಲವೆಂಬುದು ಆತನ ಅಭಿಪ್ರಾಯ. ಹಾಗಾದರೆ ಸ್ವಂತ ಮಗುವನ್ನು ಕಳೆದುಕೊಂಡವನು ಕವಿತೆ ಬರೆಯುವುದೆಂತು? ಬೇಂದ್ರೆಯವರಂತೆ, ದುಃಖದ ನಡುಮನೆಯಲ್ಲಿ ಕುಳಿತೇ ಇನ್ನೊಬ್ಬರ ಮುಖವನ್ನು ನೋಡಬಲ್ಲ ಶಕ್ತಿ ಇದ್ದಾಗ. ಅದು ಎಲ್ಲರಿಗೂ, ಎಲ್ಲ ಕಾಲದಲ್ಲಿಯೂ ಒದಗುವ ಶಕ್ತಿಯಲ್ಲ; ಒದಗುವವರೆಗೆ ಲೇಖನಿಯನ್ನು ಕೆಳಗಿಡುವುದರಲ್ಲಿ ಅವಮಾನವೂ ಇಲ್ಲ.

ಕಡೆಗೆ ಸಮಾಧಾನದ ಮಾತು. ನಮ್ಮ ಶೋಕಪದ್ಯಗಳಲ್ಲಿ ಬಹುಪಾಲು ಕೊನೆಯ ಚರಣದಲ್ಲಿ ಆತ್ಮದ ಅಮರತ್ವವನ್ನೋ ಕೀರ್ತಿಶರೀರವನ್ನೋ ನೆನೆದು ಕಣ್ಣೊರಸಿಕೊಂಡುಬಿಡುತ್ತವೆ. ಆ ತತ್ತ್ವಗಳನ್ನು ನಾನು ನಂಬುವವನೇ. ಆದರೆ ಪದ್ಯದಲ್ಲಿ ಅವು ಬರುವ ವೇಗ ನನ್ನನ್ನು ಕಳವಳಗೊಳಿಸುತ್ತದೆ. ಹದಿಮೂರನೆಯ ದಿನ ಬರೆದ ಪದ್ಯಕ್ಕೆ, ಟೆನಿಸನ್ ಹದಿನೇಳು ವರ್ಷ ತೊಳಲಿ ಮುಟ್ಟಿದ ದಡ ಅಷ್ಟು ಸಲೀಸಾಗಿ ಹೇಗೆ ಸಿಕ್ಕಿತು? ಅದು ಬರೆದವನಿಗೆ ದೊರೆತ ಸಮಾಧಾನವಲ್ಲ, ಕೇಳುವವರಿಗೆ ಮುಜುಗರವಾಗದಿರಲೆಂದು ಕೊಟ್ಟ ಮುಕ್ತಾಯ. ಕಾಳಿದಾಸ ಈ ಉಪಚಾರವನ್ನು ಮಾಡಲಿಲ್ಲ. ಯಜ್ಞದೀಕ್ಷೆಯಲ್ಲಿದ್ದ ವಸಿಷ್ಠರು ತಾವು ಬರಲಾರದೆ ಶಿಷ್ಯನ ಮೂಲಕ ಅಜನಿಗೆ ಸಂದೇಶ ಕಳುಹಿಸುತ್ತಾರೆ. ಇಂದುಮತಿ ಶಾಪದಿಂದ ಭೂಮಿಗಿಳಿದ ಅಪ್ಸರೆಯೆಂದೂ, ಹುಟ್ಟಿದವರಿಗೆ ಸಾವೇ ಸಹಜವೆಂದೂ, ಅತ್ತು ಪ್ರಯೋಜನವಿಲ್ಲವೆಂದೂ ಅದರಲ್ಲಿ ಹೇಳಿದೆ. ಒಂದೊಂದು ಮಾತೂ ನಿಜ. ಅಜನು ವಿನಯದಿಂದ ಕೇಳಿ ಶಿಷ್ಯನನ್ನು ಕಳುಹಿಸಿಕೊಡುತ್ತಾನೆ. ಆದರೆ ಶೋಕದಿಂದ ಕಿಕ್ಕಿರಿದ ಅವನ ಎದೆಯಲ್ಲಿ ನಿಲ್ಲಲು ಜಾಗ ಸಿಗದೆ ಆ ಉಪದೇಶವೂ ಶಿಷ್ಯನ ಜೊತೆಗೇ ಗುರುವಿನ ಬಳಿಗೆ ಹಿಂದಿರುಗಿತೋ ಎಂಬಂತಾಗುತ್ತದೆ. ಮಗನಿನ್ನೂ ಚಿಕ್ಕವನೆಂಬ ಒಂದೇ ಕಾರಣದಿಂದ ಆತ ಮತ್ತೆ 8 ವರ್ಷ ಜೀವ ಹಿಡಿದಿರುತ್ತಾನೆ; ಅವಳ ಚಿತ್ರವನ್ನು ನೋಡುತ್ತ, ಕನಸಿನಲ್ಲಿ ಒಂದು ಕ್ಷಣ ಅವಳನ್ನು ಕೂಡುತ್ತ. ಮಗ ರಾಜ್ಯಭಾರಕ್ಕೆ ಒದಗಿದ ಮೇಲೆ ಗಂಗೆ ಸರಯೂ ಕೂಡುವ ತೀರ್ಥದಲ್ಲಿ ದೇಹ ಬಿಡುತ್ತಾನೆ. ವಸಿಷ್ಠರ ಮಾತನ್ನು ಕಾಳಿದಾಸ ಸುಳ್ಳೆನ್ನಲಿಲ್ಲ, ಅದನ್ನು ಕೇಳಿಯೂ ಕೇಳದ ಅಜನನ್ನು ಅವಿವೇಕಿಯೆನ್ನಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿರಿಸಿ, ಮುಂದಿನ ಸರ್ಗದಲ್ಲಿ ದಶರಥನ ಕಥೆಗೆ ನಡೆದನು.